ಇನ್ವಾಯ್ಸಿನ ಅಡಿಯ ಆ ಒಂದು ಸಾಲು: ವಿದೇಶಿ ವ್ಯಾಪಾರದ ತಕರಾರಿನಲ್ಲಿ ಕೋರ್ಟನ್ನು ಬಳಸುವ ಬಗೆ

ವಾಶಿಯ ಮಸಾಲೆ ಮಾರುಕಟ್ಟೆಯಿರಲಿ, ಮಸ್ಜಿದ್ ಬಂದರಿನ ಅಂಗಡಿ ಗಾಳೆಗಳಿರಲಿ, ಪುಣೆ ಹತ್ತಿರದ ಚಾಕಣದ ಬಿಡಿಭಾಗ ಕಾರ್ಖಾನೆಯಿರಲಿ, ಯಾರ ಇನ್ವಾಯ್ಸ್ ಎತ್ತಿ ನೋಡಿದರೂ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಕಾಣುತ್ತದೆ: ‘ಸಬ್ಜೆಕ್ಟ್ ಟು ಮುಂಬೈ ಜ್ಯೂರಿಸ್‌ಡಿಕ್ಷನ್’. ತಕರಾರು ಬಂದರೆ ಮುಂಬೈ ಕೋರ್ಟಿಗೇ ಅಧಿಕಾರ ಎಂದು ಅದರರ್ಥ. ಮುದ್ರಣದವನು ಹಳೆಯ ಬಿಲ್ ಪುಸ್ತಕ ನೋಡಿ ಹಾಕಿಕೊಟ್ಟ ಸಾಲು. ಭಿವಂಡಿಯ ಗಿರಾಕಿ ದುಡ್ಡು ಕೊಡದಿದ್ದರೆ ಅದಕ್ಕೆ ಬೆಲೆಯಿದೆ. ಹ್ಯಾಂಬರ್ಗಿನ ಗಿರಾಕಿ ಕೈಯೆತ್ತಿದರೆ ಅದೇ ಸಾಲು ನಿಮ್ಮ ಕೊರಳಿಗೆ ಸುತ್ತಿಕೊಳ್ಳುತ್ತದೆ. ಇಲ್ಲಿ ವರ್ಷಗಟ್ಟಲೆ ಓಡಾಡಿ ಡಿಕ್ರಿ (ಕೋರ್ಟಿನ ತೀರ್ಪಾಜ್ಞೆ) ತಂದರೂ ಅದನ್ನು ಜರ್ಮನಿಯಲ್ಲಿ ಜಾರಿ ಮಾಡಿಸುವುದು ಬೇರೆಯೇ ಒಂದು ಯುದ್ಧ.

ಹಾಗಂತ ಕೋರ್ಟಿನ ಕೆಲಸ ಮುಗಿಯಿತು ಎನ್ನಬೇಡಿ, ಅದರ ಜಾಗ ಬದಲಾಗಿದೆ ಅಷ್ಟೆ. ಮೊದಲೆಲ್ಲ ತಕರಾರಿನ ತೀರ್ಮಾನವೇ ಕೋರ್ಟಿನದು. ಈಗ ತೀರ್ಮಾನ ಆರ್ಬಿಟ್ರೇಟರದು, ಅಂದರೆ ಕರಾರಿನ ಪ್ರಕಾರ ನೇಮಕವಾದ ಖಾಸಗಿ ಪಂಚರದು. ಅದಕ್ಕೆ ಮುಂಚೆ ಮಾಲು, ಹಣ ಕೈತಪ್ಪದಂತೆ ಹಿಡಿದಿಡುವುದು, ಆಮೇಲೆ ಅವಾರ್ಡನ್ನು (ಆರ್ಬಿಟ್ರೇಟರ ತೀರ್ಪನ್ನು) ಹಣವಾಗಿಸುವುದು ಕೋರ್ಟಿನ ಕೆಲಸ. ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು.

ಮೊದಲ ಹೆಜ್ಜೆ: ಎದುರಾಳಿಯ ಆಸ್ತಿ ಎಲ್ಲಿದೆ?

ಕರಾರಿಗೆ ಸಹಿ ಹಾಕುವ ಮುನ್ನ ಒಂದು ಹಾಳೆಯ ಮೇಲೆ ಬರೆಯಿರಿ: ಈ ಗಿರಾಕಿ ಹಣ ಕೊಡದಿದ್ದರೆ ಯಾವ ಊರಿನ ಯಾವ ಬ್ಯಾಂಕ್ ಖಾತೆ, ಯಾವ ಗೋದಾಮು, ಯಾವ ಹಡಗನ್ನು ಹಿಡಿಯಬಹುದು? ಉತ್ತರ ದುಬೈ ಎಂದಾದರೆ ದಾರಿ ಒಂದು, ಶಾಂಘೈ ಎಂದಾದರೆ ಇನ್ನೊಂದು.

ವಿದೇಶಿ ಕೋರ್ಟ್ ಡಿಕ್ರಿಗಳ ಜಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 44ಎ ಮೇಲೆ ನಿಂತಿದೆ. ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ದೇಶಗಳ ಮೇಲ್ಮಟ್ಟದ ಕೋರ್ಟುಗಳ ಡಿಕ್ರಿಯನ್ನು ನಮ್ಮಲ್ಲಿ ನೇರವಾಗಿ ಜಾರಿಗೆ ಹಾಕಬಹುದು. ಬ್ರಿಟನ್, ಸಿಂಗಾಪುರ, ಮಲೇಷ್ಯಾ, ಹಾಂಗ್‌ಕಾಂಗ್ ಪಟ್ಟಿಯಲ್ಲಿವೆ; ಯುಎಇ ಸೇರಿದ್ದು 2020ರ ಜನವರಿಯಲ್ಲಿ. ಅಮೆರಿಕ, ಜರ್ಮನಿ, ಚೀನಾ ಇಲ್ಲ. ಅಲ್ಲಿಯ ತೀರ್ಪು ಹಿಡಿದು ಬಂದವನು ಇಲ್ಲಿ ಹೊಸದಾಗಿ ದಾವೆ ಹೂಡಬೇಕು. ನಮ್ಮ ಡಿಕ್ರಿ ಅಲ್ಲಿಗೆ ಹೋದರೂ ಆ ದೇಶದ ಕಾನೂನು ಕೇಳಿಯೇ ಮುಂದುವರಿಯಬೇಕು.

ಆರ್ಬಿಟ್ರೇಷನ್ ಅವಾರ್ಡಿನ ಕಥೆ ಬೇರೆ. 1958ರ ನ್ಯೂಯಾರ್ಕ್ ಒಡಂಬಡಿಕೆಯಲ್ಲಿ 170ಕ್ಕೂ ಹೆಚ್ಚು ದೇಶಗಳಿವೆ. ಜರ್ಮನಿ, ಅಮೆರಿಕ, ಚೀನಾ, ಯುಎಇ ಎಲ್ಲವೂ ಅದರಲ್ಲಿವೆ. ಮುಂಬೈಯಲ್ಲಿ ಬಂದ ಅವಾರ್ಡನ್ನು ಹ್ಯಾಂಬರ್ಗಿನ ಕೋರ್ಟ್ ಮೂಲ ತಕರಾರನ್ನು ಮತ್ತೆ ಕೆದಕದೆ ಜಾರಿ ಮಾಡಬೇಕು. ನಿರಾಕರಿಸಲು ಕಾರಣಗಳು ಬೆರಳೆಣಿಕೆಯವು. ಒಂದು ತೊಡಕು ಮಾತ್ರ ಗೊತ್ತಿರಲಿ. ವಿದೇಶದಲ್ಲಿ ಬಂದ ಅವಾರ್ಡನ್ನು ಇಲ್ಲಿ ಜಾರಿ ಮಾಡಿಸಲು ಆ ದೇಶ ಒಡಂಬಡಿಕೆಗೆ ಸಹಿ ಹಾಕಿದ್ದರೆ ಸಾಲದು, ನಮ್ಮ ಕೇಂದ್ರ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿರಬೇಕು. ಚೀನಾಕ್ಕೆ ಆ ಪ್ರಕಟಣೆ ಬಂದದ್ದು 2012ರಲ್ಲಿ. ಎದುರಾಳಿಯ ಆಸ್ತಿ ಭಾರತದಲ್ಲೇ ಇದ್ದು, ನೀವು ಹೊರಗಿನ ಊರನ್ನು ಆರ್ಬಿಟ್ರೇಷನ್ನಿನ ಕಾನೂನು ನೆಲೆ (ಸೀಟ್) ಮಾಡುವುದಾದರೆ ಈ ಪಟ್ಟಿ ನೋಡದೆ ಸಹಿ ಹಾಕಬೇಡಿ.

ಎರಡನೆಯದು: ಕರಾರಿನ ಆ ಪ್ಯಾರಾ

ದರ, ಪ್ಯಾಕಿಂಗ್, ಹಡಗಿನ ದಿನಾಂಕಕ್ಕೆ ವಾರಗಟ್ಟಲೆ ಚೌಕಾಸಿ ನಡೆಸುವವರು ತಕರಾರಿನ ಪ್ಯಾರಾವನ್ನು ಹಳೆಯ ಕರಾರಿನಿಂದ ಕತ್ತರಿಸಿ ಅಂಟಿಸುತ್ತಾರೆ. ಕೆಡುವುದು ಅಲ್ಲೇ. ಆ ಪ್ಯಾರಾದಲ್ಲಿ ಆರು ಸಂಗತಿ ಇರಲೇಬೇಕು: ಸೀಟ್ ಯಾವ ಊರು, ಯಾವ ಸಂಸ್ಥೆಯ ನಿಯಮ, ಆರ್ಬಿಟ್ರೇಟರ್ ಒಬ್ಬರೋ ಮೂವರೋ, ಭಾಷೆ, ಕರಾರಿಗೆ ಅನ್ವಯಿಸುವ ಕಾನೂನು, ನೋಟಿಸ್ ಕಳಿಸುವ ಇಮೇಲ್ ಮತ್ತು ಅಂಚೆ ವಿಳಾಸ.

ಸೀಟ್ ಎಂದರೆ ವಿಚಾರಣೆಯ ಮೇಜು ಹಾಕುವ ಜಾಗವಲ್ಲ. ಆ ಆರ್ಬಿಟ್ರೇಷನ್ ಮೇಲೆ ಯಾವ ಊರಿನ ಕೋರ್ಟಿಗೆ ಹಿಡಿತ, ಅವಾರ್ಡನ್ನು ರದ್ದು ಮಾಡುವ ಅಧಿಕಾರ ಯಾರಿಗೆ ಎಂಬುದನ್ನು ಸೀಟ್ ನಿರ್ಧರಿಸುತ್ತದೆ. 2002ರ ಭಾಟಿಯಾ ಇಂಟರ್‌ನ್ಯಾಷನಲ್ ತೀರ್ಪಿನ ನಂತರ ಹತ್ತು ವರ್ಷ ನಮ್ಮ ಕೋರ್ಟುಗಳು ಹೊರದೇಶದ ಆರ್ಬಿಟ್ರೇಷನ್‌ಗಳಲ್ಲೂ ಕೈ ಹಾಕುತ್ತಿದ್ದವು. 2012ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಾಲ್ಕೊ ಪ್ರಕರಣದಲ್ಲಿ ಅದಕ್ಕೆ ಗೆರೆ ಎಳೆಯಿತು: ಸೀಟ್ ಹೊರಗಿದ್ದರೆ ಇಲ್ಲಿಯ ಕೋರ್ಟ್ ದೂರ ನಿಲ್ಲಬೇಕು. ಆ ಗೆರೆ ಬಿಗಿಯಾದಾಗ ಇಲ್ಲಿರುವ ಆಸ್ತಿಯನ್ನು ಕಾಯುವವರೇ ಇಲ್ಲ ಎಂಬಂತಾಯಿತು. ಅದಕ್ಕೇ 2015ರ ಅಕ್ಟೋಬರ್ 23ರಿಂದ ಜಾರಿಗೆ ಬಂದ ನಮ್ಮ ಆರ್ಬಿಟ್ರೇಷನ್ ಕಾಯ್ದೆಯ ತಿದ್ದುಪಡಿ ಒಂದು ಕಿಟಕಿ ತೆರೆಯಿತು. ಸೀಟ್ ಸಿಂಗಾಪುರವಾಗಿದ್ದರೂ, ಬೇಡವೆಂದು ಕರಾರಿನಲ್ಲಿ ಬರೆದಿರದಿದ್ದರೆ, ಮಧ್ಯಂತರ ರಕ್ಷಣೆಗೆ ಇಲ್ಲಿಯ ಹೈಕೋರ್ಟಿಗೆ ಹೋಗಬಹುದು.

ಕರಾರುಗಳಲ್ಲಿ ಮತ್ತೆ ಮತ್ತೆ ಸಿಗುವ ತಪ್ಪುಗಳು ಇವು. ‘ವೆನ್ಯೂ ಲಂಡನ್’ (ವಿಚಾರಣೆ ನಡೆಯುವ ಜಾಗ ಲಂಡನ್) ಎಂದು ಬರೆದು ಸೀಟ್ ಬರೆಯದಿರುವುದು. ಬೇರೆ ಸೂಚನೆ ಇಲ್ಲದಿದ್ದರೆ ಆ ವೆನ್ಯೂವೇ ಸೀಟ್ ಆಗಬಹುದು, 2019ರ ಡಿಸೆಂಬರಿನ ಬಿಜಿಎಸ್ ಎಸ್‌ಜಿಎಸ್ ಸೋಮಾ ತೀರ್ಪು ಆ ದಿಕ್ಕಿನದು. ‘ಆರ್ಬಿಟ್ರೇಷನ್‌ಗೆ ಒಪ್ಪಿಸಬಹುದು’ ಎಂಬ ಮಾತು: ‘ಬಹುದು’ ಎಂದರೆ ಬಂಧನವಿಲ್ಲ, ‘ಒಪ್ಪಿಸತಕ್ಕದ್ದು’ ಎಂದಿರಬೇಕು. ಒಂದೇ ಪಕ್ಷ ತನಗೆ ಬೇಕಾದವರನ್ನು ಏಕೈಕ ಆರ್ಬಿಟ್ರೇಟರ್ ಮಾಡುವ ಷರತ್ತು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನ ನಂತರ ನಿಲ್ಲುವುದಿಲ್ಲ. ಮೇಲಿನ ಪ್ಯಾರಾದಲ್ಲಿ ಸೀಟ್ ಮುಂಬೈ, ಕೆಳಗೆ ‘ಪುಣೆ ಕೋರ್ಟಿಗಷ್ಟೇ ಅಧಿಕಾರ’ ಎಂದಿದ್ದರೆ ಮೊದಲ ಆರು ತಿಂಗಳು ಯಾವ ಕೋರ್ಟು ಎಂಬ ಜಗಳದಲ್ಲೇ ಕಳೆಯುತ್ತದೆ. ಇನ್ನು ಸ್ಟಾಂಪು. ಸ್ಟಾಂಪಿಲ್ಲದ ಕರಾರಿನ ಆರ್ಬಿಟ್ರೇಷನ್ ಷರತ್ತು ಅನೂರ್ಜಿತವಲ್ಲ, ಅದು ಸರಿಪಡಿಸಬಹುದಾದ ದೋಷ ಎಂದು 2023ರ ಡಿಸೆಂಬರಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದರೆ ಸರಿಪಡಿಸುವಾಗ ದಂಡ ಕಟ್ಟಬೇಕು. ಮಹಾರಾಷ್ಟ್ರದಲ್ಲಿ 100 ರೂಪಾಯಿ ಕಾಗದದ ಕಾಲ 2024ರ ಅಕ್ಟೋಬರಿನಲ್ಲಿ ಮುಗಿದಿದೆ, ಈಗ 500ರಿಂದ ಶುರು.

ಸಂಸ್ಥೆಯ ನಿಯಮ ಯಾಕೆ ಬೇಕು? ಎದುರಾಳಿ ವಿದೇಶಿಯಾಗಿದ್ದು ಕರಾರಿನಲ್ಲಿ ಸಂಸ್ಥೆಯ ಹೆಸರಿಲ್ಲದಿದ್ದರೆ, ಆತ ಆರ್ಬಿಟ್ರೇಟರ್ ನೇಮಕಕ್ಕೆ ಸಹಕರಿಸದಿದ್ದಾಗ ನೀವು ದಿಲ್ಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 11 ಹಾಗಿದೆ; ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಸೆಕ್ಷನ್ನುಗಳೂ ಅದರವೇ. ಸಂಸ್ಥೆಯಿದ್ದರೆ ಅದೇ ನೇಮಿಸುತ್ತದೆ. 2016ರಲ್ಲಿ ಶುರುವಾದ ಮುಂಬೈ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಕೇಂದ್ರ ನರಿಮನ್ ಪಾಯಿಂಟ್‌ನಲ್ಲೇ ಇದೆ. ಸಿಂಗಾಪುರದ ಎಸ್‌ಐಎಸಿ ಎಂಬ ಆರ್ಬಿಟ್ರೇಷನ್ ಕೇಂದ್ರ ಹೆಸರುವಾಸಿ, ವಿದೇಶಿ ಗಿರಾಕಿ ಬೇಗ ಒಪ್ಪುತ್ತಾನೆ. ಆದರೆ ಇಪ್ಪತ್ತು ಸಾವಿರ ಡಾಲರಿನ ಮೆಣಸಿನಕಾಯಿ ಬಿಲ್ಲಿಗೆ ಸಿಂಗಾಪುರದಲ್ಲಿ ಮೂವರು ಆರ್ಬಿಟ್ರೇಟರ್ ಎಂದರೆ ಬೆಟ್ಟ ಅಗೆದು ಇಲಿ ಹಿಡಿದಂತೆ. ಆ ಮಟ್ಟದ ವ್ಯವಹಾರಕ್ಕೆ ಒಬ್ಬರೇ ಆರ್ಬಿಟ್ರೇಟರ್, ಕಾಗದದ ಮೇಲಿನ ವಿಚಾರಣೆ, ಸೆಕ್ಷನ್ 29ಬಿಯ ಆರು ತಿಂಗಳ ತ್ವರಿತ ದಾರಿ ಸಾಕು. ಅದಕ್ಕಿಂತ ಸಣ್ಣದಕ್ಕೆ ಬ್ಯಾಂಕೇ ಹಣದ ಹೊಣೆ ಹೊರುವ ಲೆಟರ್ ಆಫ್ ಕ್ರೆಡಿಟ್ ಮತ್ತು ರಫ್ತು ಬಾಕಿಗೆ ಸಿಗುವ ಇಸಿಜಿಸಿ ವಿಮೆಯೇ ಒಳ್ಳೆಯ ವಕೀಲರು.

ಕಾನೂನು ಯಾವುದು ಎಂಬ ಸಾಲನ್ನೂ ಖಾಲಿ ಬಿಡಬೇಡಿ. ಸರಕು ಮಾರಾಟದ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ ಸೇರಿಲ್ಲ, ಜರ್ಮನಿ ಸೇರಿದೆ. ಕರಾರು ಮೌನವಾಗಿದ್ದು ಜರ್ಮನಿಯ ಕಾನೂನು ಅನ್ವಯವಾದರೆ ನಿಮ್ಮ ವಕೀಲರು ಎಂದೂ ಓದದ ನಿಯಮಗಳು ತಕರಾರಿನೊಳಗೆ ನುಗ್ಗುತ್ತವೆ.

ಮೂರನೆಯದು: ಸಾಕ್ಷ್ಯವನ್ನು ಮಾಲಿನ ಜೊತೆಗೇ ಕಟ್ಟಿ

ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಹಾವೇರಿ ಕಡೆಯಿಂದ ವಾಶಿಗೆ, ಅಲ್ಲಿಂದ ನ್ಹಾವಾ ಶೇವಾ ಬಂದರಿನ ಮೂಲಕ ಯುರೋಪಿಗೆ. ಅಲ್ಲಿ ಬೂಷ್ಟಿನಿಂದ ಬರುವ ವಿಷ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೊಗ್ರಾಂ, ಎಲ್ಲ ಬಗೆಯ ಅಫ್ಲಾಟಾಕ್ಸಿನ್ ಸೇರಿ 10 ಮೀರಬಾರದು. ‘ಬಣ್ಣ ಕಮ್ಮಿ, ಅಫ್ಲಾ ಜಾಸ್ತಿ’ ಎಂದು ಗಿರಾಕಿ ಹೇಳಿದಾಗ ಆರ್ಬಿಟ್ರೇಟರ್ ಮೊದಲು ಕೇಳುವುದು ಯಾವ ಸ್ಯಾಂಪಲ್, ಯಾರು ತೆಗೆದದ್ದು, ಎಲ್ಲಿತ್ತು ಎಂದು. ಕಂಟೇನರ್ ತುಂಬುವ ದಿನ ಸ್ವತಂತ್ರ ಸರ್ವೇಯರ್ ಕೈಯಿಂದ ಮೂರು ಸ್ಯಾಂಪಲ್ ತೆಗೆಸಿ: ಒಂದು ಲ್ಯಾಬಿಗೆ, ಒಂದು ಗಿರಾಕಿಗೆ, ಒಂದು ಸೀಲ್ ಮಾಡಿ ನಿಮ್ಮಲ್ಲಿ. ಸೀಲ್ ನಂಬರ್, ಕಂಟೇನರ್ ನಂಬರ್, ದಿನಾಂಕ ಒಂದೇ ಫೋಟೋದಲ್ಲಿ ಬರಲಿ. ಬಣ್ಣದ ಆಸ್ಟಾ ಮೌಲ್ಯ ಎಷ್ಟು, ಯಾವ ಬಂದರಿನ ಪರೀಕ್ಷೆ ಅಂತಿಮ ಎಂಬುದು ಕರಾರಿನಲ್ಲೇ ಇರಲಿ. ಬಣ್ಣ ದಾರಿಯಲ್ಲೂ ಇಳಿಯುತ್ತದೆ, ಹಾಗಾಗಿ ಲೋಡಿಂಗ್ ಬಂದರಿನ ಪರೀಕ್ಷೆ ಅಂತಿಮವಾದರೆ ಮಾರುವವನಿಗೆ ಕ್ಷೇಮ.

ಗೋವಾದಲ್ಲಿ ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುವವರದು ಇದರ ಉಲ್ಟಾ ಕತೆ. 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬ ಔಟ್‌ಟರ್ನ್ ಮೇಲೆ ದರ ನಿಂತಿರುತ್ತದೆ. 47 ಎಂದು ಬರೆದು 44 ಇಳಿದರೆ, ಪೂರ್ತಿ ಹಣ ಆಗಲೇ ಹೋಗಿದ್ದರೆ, ಯಾವ ಕೋರ್ಟಿಗೆ ಹೋದರೂ ಮಾರಿದವನ ಆಸ್ತಿ ಅಲ್ಲೇ ಆಫ್ರಿಕಾದಲ್ಲಿ. ಪ್ರತಿ ಪೌಂಡ್ ಕಡಿತಕ್ಕೆ ಎಷ್ಟು ದರ ಇಳಿಯಬೇಕು, ಯಾವ ಅಂಕಿಗಿಂತ ಕೆಳಗೆ ಬಂದರೆ ಮಾಲು ತಿರಸ್ಕಾರ ಎಂಬುದನ್ನು ಬರೆಸಿ, ಹಣದ ಒಂದು ಪಾಲನ್ನು ಇಳಿಸಿದ ನಂತರದ ಪರೀಕ್ಷೆಗೆ ಕಟ್ಟಿಹಾಕಿ. ಕೈಯಲ್ಲಿ ಉಳಿದ ಆ ಹಣ ಹತ್ತು ತೀರ್ಪಿಗೆ ಸಮ.

ಮಾಲು ಒದ್ದೆಯಾಗಿ, ಒಡೆದು ಬಂದರೆ ತಕರಾರು ಹಡಗಿನವನ ಜೊತೆ. ಕಣ್ಣಿಗೆ ಕಾಣುವ ಹಾನಿಗೆ ಡೆಲಿವರಿ ಹೊತ್ತಿಗೇ, ಕಾಣದ ಹಾನಿಗೆ ಮೂರು ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ದಾವೆಗೆ ಹಡಗಿನವನು ಕೊಡುವ ಸರಕು ರಸೀದಿಗಳಾದ ಬಹುಪಾಲು ಬಿಲ್ ಆಫ್ ಲೇಡಿಂಗ್‌ಗಳಲ್ಲಿ ಒಂದೇ ವರ್ಷ. ಮಾಮೂಲಿ ಮೂರು ವರ್ಷದ ಲೆಕ್ಕ ಹಿಡಿದು ಕೂತವರ ಕ್ಲೈಮು ಇಲ್ಲಿ ಸತ್ತುಹೋಗುತ್ತದೆ.

ವಾಟ್ಸಾಪ್ ಮಾತುಕತೆಯೂ ಸಾಕ್ಷ್ಯವೇ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಎರಡು ಭಾಗದ್ದು: ಒಂದಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಫೈಲಿನ ಬೆರಳಚ್ಚಿನಂತಿರುವ ಹ್ಯಾಷ್ ಮೌಲ್ಯವೂ ಬೇಕು. ಫೋನ್ ಬದಲಿಸುವ ಮುನ್ನ ಚಾಟ್ ರಫ್ತು ಮಾಡಿಟ್ಟುಕೊಳ್ಳಿ. ಹಳೆಯ ಫೋನನ್ನೂ ಎಸೆಯಬೇಡಿ.

ನಾಲ್ಕನೆಯದು: ಹಣ ನಿಂತಾಗ

ಮೊದಲ ವಾರ ಫೋನಿನಲ್ಲೇ ಕಳೆಯುತ್ತದೆ, ತಪ್ಪಲ್ಲ. ಆದರೆ ಪ್ರತಿ ಫೋನಿನ ನಂತರ ‘ಇಂದು ನೀವು ಹೇಳಿದ್ದು ಇಷ್ಟು’ ಎಂದು ಒಂದು ಇಮೇಲ್ ಹೋಗಲಿ. ಗಿರಾಕಿ ‘ಬಾಕಿ ಇದೆ, ಮುಂದಿನ ತಿಂಗಳು’ ಎಂದು ಬರೆದು ಸಹಿ ಹಾಕಿದರೆ ಅದು ಬಂಗಾರ: ಸಾಲದ ಒಪ್ಪಿಗೆಯೂ ಹೌದು, ಕಾಲಮಿತಿ ಹೊಸದಾಗಿ ಎಣಿಸಲು ಆಧಾರವೂ ಹೌದು. ರಫ್ತಿನ ಹಣ ಬರಬೇಕಾದ ರಿಸರ್ವ್ ಬ್ಯಾಂಕ್ ಗಡುವು ಹತ್ತಿರವಾದರೆ ಬ್ಯಾಂಕಿಗೆ ಮುಂಚೆಯೇ ಪತ್ರ ಕೊಡಿ, ಇಲ್ಲದಿದ್ದರೆ ಹಣವೂ ಇಲ್ಲ, ಮೇಲೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ತಲೆನೋವು.

ಆಮೇಲೆ ಸೆಕ್ಷನ್ 21ರ ನೋಟಿಸ್. ಆರ್ಬಿಟ್ರೇಷನ್ ಶುರುವಾಗುವುದು ನೀವು ಕಳಿಸಿದ ದಿನವಲ್ಲ, ಎದುರಾಳಿಗೆ ತಲುಪಿದ ದಿನ. ಕೊರಿಯರ್ ರಸೀದಿಗಿಂತ ಡೆಲಿವರಿ ಪುರಾವೆ ಮುಖ್ಯ. ಸಂಸ್ಥೆಯ ನಿಯಮವಿದ್ದರೆ ಅದರಲ್ಲಿ ಹೇಳಿದ ಹಾಗೆ ಅರ್ಜಿ ಸಲ್ಲಿಸಿ.

ಸೆಕ್ಷನ್ 9: ಕೋರ್ಟಿನ ಮೊದಲ ಬಾಗಿಲು

ಮಧ್ಯಂತರ ರಕ್ಷಣೆ ಕೇಳುವ ಸೆಕ್ಷನ್ ಇದು. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಗೆಲ್ಲುವುದೂ ಸೋಲುವುದೂ ಬಹುಪಾಲು ಇಲ್ಲೇ. ಒಂದು ಪಕ್ಷ ವಿದೇಶಿಯಾಗಿದ್ದರೆ ಮೊತ್ತ ಎಷ್ಟೇ ಇರಲಿ, ಅರ್ಜಿ ನೇರ ಹೈಕೋರ್ಟಿಗೆ. ಪುಣೆಯವರು ಶಿವಾಜಿನಗರದ ಜಿಲ್ಲಾ ಕೋರ್ಟಿಗೆ ಹೋಗಿ ವಾಪಸ್ ಬರುವುದು ಬೇಡ, ಮುಂಬೈಯ ಹೈಕೋರ್ಟೇ. ಗೋವಾದವರಿಗೆ ಪೊರ್ವೊರಿಂನಲ್ಲಿರುವ ಬಾಂಬೆ ಹೈಕೋರ್ಟಿನ ಪೀಠ.

ಏನು ಕೇಳಬಹುದು? ಎದುರಾಳಿಗೆ ಭಾರತದಲ್ಲಿ ಬರಬೇಕಾದ ಹಣ ತಡೆಹಿಡಿಯುವುದು, ಬಂದರಿನಲ್ಲಿ ನಿಂತ ಮಾಲು ಯಾರ ಕೈಗೂ ಹೋಗದಂತೆ ನೋಡುವುದು, ಭದ್ರತೆ ಇಡಿಸುವುದು, ಆಸ್ತಿ ವಿವರ ಬಹಿರಂಗಪಡಿಸುವುದು. ಕೊಳೆಯುವ ಮಾಲಾದರೆ ಮಾರಿ ಹಣವನ್ನು ಕೋರ್ಟಿನಲ್ಲಿಡುವ ಆದೇಶವನ್ನೂ ಕೇಳಬಹುದು. ದಿನಕ್ಕಿಷ್ಟು ಎಂದು ಡಿಟೆನ್ಷನ್ (ತಡವಾದುದರ ಶುಲ್ಕ) ಏರುತ್ತಿರುವ ಕಂಟೇನರಿಗೆ ಇದು ದೊಡ್ಡ ಆಸರೆ, ಬಹಳ ಮಂದಿ ಕೇಳುವುದೇ ಇಲ್ಲ.

ಏನು ಆಗದು ಎಂಬುದೂ ಗೊತ್ತಿರಲಿ. ಗಿರಾಕಿಯ ಎಲ್ಲ ಹಣ ದುಬೈಯಲ್ಲಿದ್ದರೆ ಮುಂಬೈ ಆದೇಶ ಕಾಗದವಷ್ಟೆ. ಆದರೆ ಅದೇ ಗಿರಾಕಿ ಇಲ್ಲಿಯ ಇನ್ನೊಬ್ಬ ವ್ಯಾಪಾರಿಗೆ ಮಾಲು ಮಾರಿ ಹಣಕ್ಕೆ ಕಾದಿದ್ದಾನೆಯೇ? ಅದು ಹಿಡಿಯಬಹುದಾದ ಆಸ್ತಿ. ಮಾರುಕಟ್ಟೆಯ ದಲಾಲರಿಗೆ ಇಂಥದ್ದು ವಕೀಲರಿಗಿಂತ ಮೊದಲು ಗೊತ್ತಿರುತ್ತದೆ, ಅವರನ್ನು ವಿಚಾರಿಸಿ.

‘ಹಣ ಕೊಟ್ಟಿಲ್ಲ’ ಎಂದಷ್ಟೇ ಹೇಳಿದರೆ ಜಪ್ತಿ ಸಿಗುವುದಿಲ್ಲ. 2022ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಎಸ್ಸಾರ್ ಹೌಸ್ ಪ್ರಕರಣದಲ್ಲಿ, ತೀರ್ಪಿಗೆ ಮುಂಚಿನ ಜಪ್ತಿಯ ಸಿವಿಲ್ ನಿಯಮಗಳಿಗೆ ಸೆಕ್ಷನ್ 9 ಕೋರ್ಟ್ ಕಟ್ಟಾಗಿ ಅಂಟಬೇಕಿಲ್ಲ ಎಂದಿತು. ಸಂಘಿ ಇಂಡಸ್ಟ್ರೀಸ್ ಪ್ರಕರಣದಲ್ಲಿ, ಆ ನಿಯಮಗಳ ಷರತ್ತು ಪೂರೈಸದೆ ಹಣ ಠೇವಣಿ ಇಡಿಸಲಾಗದು ಎಂದಿತು. ಹಾಗಾಗಿ ಅರ್ಜಿಯಲ್ಲಿ ಎರಡನ್ನೂ ಎದುರಿಸುವ ಸರಕು ಬೇಕು: ಒಪ್ಪಿಕೊಂಡ ಬಾಕಿಯ ಇಮೇಲ್, ಗೋದಾಮು ಖಾಲಿ ಮಾಡುತ್ತಿರುವ ಪುರಾವೆ, ಬೇರೆಯವರಿಗೂ ಕೈಯೆತ್ತಿದ ದಾಖಲೆ.

ಆದೇಶ ಬಂತೆಂದು ಮಲಗಬೇಡಿ. ಆ ದಿನದಿಂದ 90 ದಿನದೊಳಗೆ ಆರ್ಬಿಟ್ರೇಷನ್ ಶುರುವಾಗಬೇಕು. ಜನವರಿ 10ಕ್ಕೆ ಆದೇಶವಾದರೆ ಏಪ್ರಿಲ್ 10 ಕೊನೆ, ಅಷ್ಟರೊಳಗೆ ನೋಟಿಸ್ ಎದುರಾಳಿಯ ಕೈ ಸೇರಿರಬೇಕು. ಆರ್ಬಿಟ್ರೇಟರ್ ಪೀಠ ರಚನೆಯಾದ ಮೇಲೆ ಇಂಥ ಬೇಡಿಕೆಗಳೆಲ್ಲ ಅವರ ಮುಂದೆಯೇ, ಕೋರ್ಟ್ ಸಾಮಾನ್ಯವಾಗಿ ಬಾಗಿಲು ಹಾಕುತ್ತದೆ. ಭಾರತದ ಸೀಟ್ ಇರುವಲ್ಲಿ ಪೀಠ ರಚನೆಗೆ ಮುಂಚೆ ಸಂಸ್ಥೆ ನೇಮಿಸುವ ತುರ್ತು ಆರ್ಬಿಟ್ರೇಟರ್ ಕೊಟ್ಟ ಆದೇಶಕ್ಕೂ ಬಲವಿದೆ. 2021ರ ಆಗಸ್ಟಿನ ಅಮೆಜಾನ್–ಫ್ಯೂಚರ್ ತೀರ್ಪು ಅದನ್ನು ಸ್ಪಷ್ಟಪಡಿಸಿತು. ಸೀಟ್ ಹೊರಗಿದ್ದರೆ ಆ ಆದೇಶವನ್ನು ಆಧಾರವಾಗಿಟ್ಟು ಸೆಕ್ಷನ್ 9ಕ್ಕೆ ಬರುವುದೇ ದಾರಿ.

ಹಡಗಿನ ಮೇಲೆ ಕ್ಲೈಮ್ ಇದ್ದರೆ ಇದಕ್ಕಿಂತ ಚುರುಕಾದ ಅಸ್ತ್ರವುಂಟು. 2017ರ ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಡಗು ಮುರಗಾಂವ್‌ನಲ್ಲಿದ್ದರೆ ಬಾಂಬೆ ಹೈಕೋರ್ಟ್, ಪಣಂಬೂರಿಗೆ ಬಂದರೆ ಕರ್ನಾಟಕ ಹೈಕೋರ್ಟ್. ಹಡಗು ಹೊರಡುವ ಮುನ್ನ ಅರೆಸ್ಟ್ ಆದೇಶ ಸಿಕ್ಕರೆ ಮಾಲೀಕ ಭದ್ರತೆ ಇಟ್ಟೇ ಬಿಡಿಸಿಕೊಳ್ಳಬೇಕು.

ಐದನೆಯದು: ಅವಾರ್ಡ್ ಬಂದ ಮೇಲೆ

ಸೀಟ್ ಭಾರತದಲ್ಲಿದ್ದರೆ ಸೋತವನು ಸೆಕ್ಷನ್ 34ರ ಅಡಿ ರದ್ದತಿಗೆ ಹೋಗಬಹುದು. ಗಡುವು ಅವಾರ್ಡ್ ಕೈಗೆ ಬಂದ ದಿನದಿಂದ ಮೂರು ತಿಂಗಳು, ಸಕಾರಣವಿದ್ದರೆ ಇನ್ನು 30 ದಿನ, ಅದರಾಚೆ ಒಂದು ದಿನವೂ ಇಲ್ಲ. ಇದರಲ್ಲೊಂದು ಗುಂಡಿ ಇದೆ. ಮೂರು ತಿಂಗಳು ಮೇ ತಿಂಗಳ ಕೋರ್ಟ್ ರಜೆಯಲ್ಲಿ ಮುಗಿದರೆ ಬಾಗಿಲು ತೆರೆದ ದಿನ ಹಾಕಬಹುದು. ಹೆಚ್ಚುವರಿ 30 ದಿನ ರಜೆಯಲ್ಲಿ ಮುಗಿದರೆ ಆ ಸವಲತ್ತಿಲ್ಲ. 2015ಕ್ಕೆ ಮೊದಲು ಅರ್ಜಿ ಹಾಕಿದೊಡನೆ ಜಾರಿ ತಾನಾಗೇ ನಿಲ್ಲುತ್ತಿತ್ತು. ಈಗ ಪ್ರತ್ಯೇಕ ತಡೆಯಾಜ್ಞೆ ಕೇಳಬೇಕು, ಸಾಮಾನ್ಯವಾಗಿ ಹಣ ಕಟ್ಟಬೇಕು. ಗೆದ್ದವನಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ. 2025ರ ಏಪ್ರಿಲ್ 30ರ ಗಾಯತ್ರಿ ಬಾಲಸಾಮಿ ತೀರ್ಪಿನಿಂದ ಕೋರ್ಟಿಗೆ ಅವಾರ್ಡನ್ನು ಸೀಮಿತವಾಗಿ ತಿದ್ದುವ ಅಧಿಕಾರವೂ ಬಂದಿದೆ, ಬಡ್ಡಿಯ ತಪ್ಪಿಗಾಗಿ ಇಡೀ ಅವಾರ್ಡ್ ಬೀಳಬೇಕಿಲ್ಲ.

ವಿದೇಶಿ ಅವಾರ್ಡನ್ನು ಇಲ್ಲಿ ಜಾರಿ ಮಾಡಲು ಸೆಕ್ಷನ್ 47ರ ಕಾಗದ: ಮೂಲ ಅವಾರ್ಡ್ ಅಥವಾ ದೃಢೀಕೃತ ಪ್ರತಿ, ಮೂಲ ಕರಾರು ಅಥವಾ ಪ್ರಮಾಣಿತ ಪ್ರತಿ, ಅದು ವಿದೇಶಿ ಅವಾರ್ಡ್ ಎಂಬುದಕ್ಕೆ ಪುರಾವೆ. ಕಾಲಮಿತಿ ಮೂರು ವರ್ಷ ಎಂದು 2020ರ ವೇದಾಂತ ತೀರ್ಪು ಖಚಿತಪಡಿಸಿದೆ. ಬರೀ ಎಳೆದಾಡಲು, ಜಾರಿ ತಡೆಯುವ ಸೆಕ್ಷನ್ 48ರ ಆಕ್ಷೇಪಗಳನ್ನು ಹೊಸೆಯುವವರಿಗೆ ವಿಜಯ್ ಕಾರಿಯಾ ಪ್ರಕರಣ ನೆನಪಿರಲಿ, ಅಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಖರ್ಚು ಹೇರಿತು.

ಎದುರಾಳಿ ಸರ್ಕಾರವಾದಾಗ

ಆಮದು ಸುಂಕ, ರಫ್ತು ನಿಷೇಧದಂಥ ಏಟಿಗೆ ವ್ಯಾಪಾರಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಲಾಗದು, ಅಲ್ಲಿ ಸರ್ಕಾರ ಸರ್ಕಾರದ ಮೇಲಷ್ಟೇ ದೂರು ಕೊಡಬಹುದು. 2019ರ ಡಿಸೆಂಬರಿನಿಂದ ಅಲ್ಲಿಯ ಮೇಲ್ಮನವಿ ಪೀಠ ಸಾಕಷ್ಟು ನ್ಯಾಯಾಧೀಶರಿಲ್ಲದೆ ನಿಂತಿದೆ. ನಿಮ್ಮ ಕೈಯಲ್ಲಿರುವುದು ವಾಣಿಜ್ಯ ಇಲಾಖೆಗೆ ಮನವಿ, ಮತ್ತು ಇಲ್ಲಿಯ ಆದೇಶಕ್ಕೆ ಹೈಕೋರ್ಟಿನಲ್ಲಿ ರಿಟ್.

ಹೂಡಿಕೆದಾರರ ಸ್ಥಿತಿ ಬೇರೆ. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕಂಪನಿಗೆ ಕೋಲ್ ಇಂಡಿಯಾ ವಿರುದ್ಧ 2002ರಲ್ಲಿ ಅವಾರ್ಡ್ ಸಿಕ್ಕಿತ್ತು. ಅದರ ಜಾರಿ ನಮ್ಮ ಕೋರ್ಟುಗಳಲ್ಲಿ ಒಂಬತ್ತು ವರ್ಷ ದಾಟಿತು. 2011ರಲ್ಲಿ ಎರಡು ದೇಶಗಳ ನಡುವಿನ ಹೂಡಿಕೆ ಒಪ್ಪಂದದ ಪೀಠ ಆ ವಿಳಂಬಕ್ಕೆ ಭಾರತವನ್ನೇ ಹೊಣೆ ಮಾಡಿತು. ಕೋರ್ಟಿನ ನಿಧಾನಕ್ಕೆ ದೇಶ ದಂಡ ತೆತ್ತದ್ದು ಹಾಗೆ. ಬಳಿಕ ಭಾರತ ಹಳೆಯ ಒಪ್ಪಂದಗಳನ್ನು ಸಾಲುಸಾಲಾಗಿ ಕೊನೆಗೊಳಿಸಿ, 2016ರ ಮಾದರಿ ಒಪ್ಪಂದದಲ್ಲಿ ಮೊದಲು ಐದು ವರ್ಷ ಸ್ಥಳೀಯ ಕೋರ್ಟುಗಳಲ್ಲಿ ಪ್ರಯತ್ನಿಸಬೇಕು ಎಂಬ ಷರತ್ತು ಇಟ್ಟಿತು. 2024ರ ಆಗಸ್ಟ್ 31ರಿಂದ ಜಾರಿಗೆ ಬಂದ ಯುಎಇ ಒಪ್ಪಂದದಲ್ಲಿ ಅದು ಮೂರು ವರ್ಷಕ್ಕಿಳಿದಿದೆ. ದುಬೈ ಕಂಪನಿಯ ಮೂಲಕ ಗೋವಾ ಅಥವಾ ಪುಣೆಯಲ್ಲಿ ಹಣ ಹಾಕಿರುವವರು ಇದನ್ನು ಗಮನಿಸಬೇಕು: ಇಲ್ಲಿಯ ಕೋರ್ಟಿನಲ್ಲಿ ಮೊದಲ ಅರ್ಜಿ ಯಾವ ದಿನ ಹಾಕಿದಿರಿ, ಯಾವ ಪರಿಹಾರ ಕೇಳಿದಿರಿ, ಎಷ್ಟು ಸಲ ಮುಂದೂಡಿಕೆ ಆಯಿತು, ಯಾರ ಕೋರಿಕೆ ಮೇರೆಗೆ ಎಂಬ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಿ. ಮೂರು ವರ್ಷದ ನಂತರ ಒಪ್ಪಂದದ ಪೀಠದ ಮುಂದೆ ನಿಂತಾಗ ಆ ಪಟ್ಟಿಯನ್ನೇ ಕೇಳುತ್ತಾರೆ.